ಹಳೆಯ ಪಾತ್ರೆಗೆ ನಾಚಿಕೆಯೇಕೆ?

ಕಾಪು ಪೇಟೆಯಿಂದ ಹೆದ್ದಾರಿ ಹಿಡಿದು ತುಸು ದೂರ ನಡೆದರೆ ಒಂದು ಗುಜರಿ ಅಂಗಡಿ ಸಿಗುತ್ತದೆ. ಮುಂದೆ ತುಕ್ಕು ಹಿಡಿದ ಸೈಕಲುಗಳು, ಕಿಟಕಿಯ ಸರಳುಗಳು, ರೆಕ್ಕೆ ಮುರಿದ ಫ್ಯಾನುಗಳು. ಒಳಗೆ, ಮಳೆನೀರು ಬೀಳದ ಮೂಲೆಯಲ್ಲಿ, ಪಾತ್ರೆ ಪರಡಿಗಳು. ಕಳೆದ ತಿಂಗಳು ನಾನು ಅಲ್ಲಿ ಒಂದು ಹೆರೆಮಣೆಯನ್ನು ಹುಡುಕುತ್ತ ನಿಂತಿದ್ದಾಗ ಹೆಂಗಸೊಬ್ಬರು ಬಂದರು. ಅವರ ಮಗ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿ ಬೇರೆ ಬಿಡಾರ ಹೂಡುವವನಿದ್ದನಂತೆ. ಒಂದು ಕುಕ್ಕರ್, ಎರಡು ಸ್ಟೀಲ್ ಪಾತ್ರೆ, ಒಂದು ದೋಸೆಕಾವಲಿ ಆರಿಸಿದರು. ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದ ಬಗೆಯಲ್ಲೇ, ಇವರು ಸಂಸಾರ ತೂಗಿಸಬಲ್ಲವರು ಎಂದು ಗೊತ್ತಾಗುತ್ತಿತ್ತು. ದುಡ್ಡು ಕೊಟ್ಟ ಮೇಲೆ ಸೆರಗಿನ ಮರೆಯಿಂದ ಮಡಿಸಿಟ್ಟ ಒಂದು ಹೊಳೆಯುವ ಚೀಲ ತೆಗೆದರು. ಅದರ ಮೇಲೆ ಯಾವುದೋ ದೊಡ್ಡ ಅಂಗಡಿಯ ಹೆಸರಿತ್ತು. “ಇದರಲ್ಲಿ ಹಾಕಿಕೊಡಿ. ದಾರಿಯಲ್ಲಿ ಕಂಡವರು ಕೇಳುತ್ತಾರೆ” ಎಂದರು. ಆಗ ನನ್ನನ್ನು ಕಂಡು ಅವರ ಮುಖ ಸಣ್ಣದಾಯಿತು. ನಾನು ಏನೂ ಕಾಣದವನಂತೆ ಕಬ್ಬಿಣದ ರಾಶಿಯ ಕಡೆಗೆ ತಿರುಗಿ ನಿಂತೆ. ಹಾಗೆ ತಿರುಗಿ ನಿಂತದ್ದು ತಪ್ಪೆಂದು ಆಮೇಲೆ ಅನ್ನಿಸಿತು. ಏಕೆಂದರೆ ಅಲ್ಲಿ ನಾಚಿಕೆಪಡುವಂಥದು ಏನೂ ನಡೆದಿರಲಿಲ್ಲ.

ಹಳೆಯ ಪಾತ್ರೆಯನ್ನು ಕೊಳ್ಳುವುದು ಕೀಳು ಎಂದು ನಮ್ಮ ಮಧ್ಯಮ ವರ್ಗ ಯಾವ ಕಾರಣಕ್ಕೆ ನಿರ್ಧರಿಸಿದೆ? ಕೇಳಿದರೆ ಮೂರು ಕಾರಣಗಳು ಬರುತ್ತವೆ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು ಮೈಲಿಗೆ. “ಯಾರು ಯಾರೋ ಉಂಡ ತಟ್ಟೆ” ಎನ್ನುತ್ತಾರೆ. ಉಡುಪಿಯ ಹೋಟೆಲುಗಳ ಹೆಸರನ್ನು ಲೋಕಕ್ಕೆಲ್ಲ ಹಬ್ಬಿಸಿದ ಊರಿನವರು ನಾವು. ಹೋಟೆಲಿನಲ್ಲಿ ನಮ್ಮೆದುರು ಬರುವ ಮಸಾಲೆದೋಸೆಯ ತಟ್ಟೆಯಲ್ಲಿ ಅಂದು ಬೆಳಗಿನಿಂದ ಎಷ್ಟು ಮಂದಿ ತಿಂದಿದ್ದಾರೆಂದು ಯಾರಾದರೂ ವಿಚಾರಿಸುತ್ತಾರೆಯೇ? ಮದುವೆಯ ಛತ್ರದಲ್ಲಿ ಬಾಡಿಗೆಗೆ ಬಂದ ಕೊಪ್ಪರಿಗೆಯಲ್ಲಿ ಬೆಂದ ಪಾಯಸವನ್ನು ಎರಡನೆಯ ಸಲ ಬಡಿಸಿಕೊಳ್ಳುವವರಿಗೆ, ಹಿಂದಿನ ವಾರ ಅದರಲ್ಲಿ ಯಾರ ಮನೆಯ ಸಾರು ಕುದಿದಿತ್ತೆಂಬ ಚಿಂತೆಯುಂಟೇ? ತೊಳೆದರೆ ಶುದ್ಧ ಎಂದು ಅಲ್ಲೆಲ್ಲ ಒಪ್ಪಿದ್ದೇವೆ. ಶಾಸ್ತ್ರದ ಮಾತೇ ಬೇಕೆನ್ನುವವರಿಗೂ ತೊಂದರೆಯಿಲ್ಲ. ತಾಮ್ರ, ಕಂಚು, ಹಿತ್ತಾಳೆಗಳನ್ನು ಕ್ಷಾರ, ಹುಳಿ, ನೀರುಗಳಿಂದ ಶುದ್ಧಿಮಾಡಬಹುದೆಂದು ಹಳೆಯ ಧರ್ಮಶಾಸ್ತ್ರಕಾರರೇ ವಿಧಿಸಿದ್ದಾರೆ. ನಮ್ಮ ಅಜ್ಜಿಯಂದಿರು ಅದನ್ನೇ ಒಲೆಯ ಬೂದಿ ಮತ್ತು ಹುಣಸೆಹಣ್ಣಿನಿಂದ ದಿನವೂ ಮಾಡುತ್ತಿದ್ದರು. ಮಡಿಯ ಹೆಸರಿನಲ್ಲಿ ಹಳೆಯ ಪಾತ್ರೆಯನ್ನು ದೂರುವವರು ಮಡಿಯನ್ನೂ ಸರಿಯಾಗಿ ಅರಿತವರಲ್ಲ. ನಿಜವಾಗಿ ಅವರನ್ನು ಕಾಡುವುದು ಉಂಡವನ ಜಾತಿ ಯಾವುದೋ ಎಂಬ ಪ್ರಶ್ನೆ. ಅದನ್ನು ಬಾಯಿಬಿಟ್ಟು ಹೇಳಲು ಈ ಕಾಲದಲ್ಲಿ ಸಂಕೋಚವಾದ್ದರಿಂದ ಆರೋಗ್ಯ, ಶುಚಿ ಎಂದು ಬೇರೆ ಹೆಸರಿಟ್ಟಿದ್ದಾರೆ.

ಎರಡನೆಯದು ಅಪಶಕುನ. “ಯಾವ ಮನೆ ಮುರಿದು ಬಂದದ್ದೋ, ಯಾರ ಕಣ್ಣೀರು ಬಿದ್ದದ್ದೋ!” ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಸುವ ಪದ್ಧತಿಯುಂಟಲ್ಲ, ಗುಜರಿ ಅಂಗಡಿಯಲ್ಲಿ ಆ ಹೆಸರುಗಳು ಕಾಣುತ್ತವೆ. ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಹೆಣ್ಣುಮಗಳ ಹೆಸರು, ಗೃಹಪ್ರವೇಶದ ತಾರೀಕು, ಎಂದೋ ಮುಚ್ಚಿದ ಹೋಟೆಲಿನ ಮೊದಲಕ್ಷರಗಳು. ಓದಿದರೆ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಆದರೆ ಆ ಪಾತ್ರೆ ಅಂಗಡಿಗೆ ಬಂದದ್ದು ಹೇಗೆ? ಕೊಳ್ಳುವ ಬಡವನು ತಂದದ್ದಲ್ಲ. ಮಾರಿದ ನಾವು ತಂದದ್ದು.

ನನ್ನ ಮನೆಯದನ್ನೇ ಹೇಳುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಸ್ಟೀಲಿನ ಮೋಹ ನಮ್ಮೂರಿಗೂ ಬಂತು. ಬೊಂಬಾಯಿಯಿಂದ ರಜೆಗೆ ಬಂದವರ ಮನೆಗಳಲ್ಲಿ ಕನ್ನಡಿಯಂತೆ ಹೊಳೆಯುವ ತಟ್ಟೆಗಳು. ನಮ್ಮ ಮನೆಯಲ್ಲೋ ಕಂಚಿನ ಬಟ್ಟಲು, ತಾಮ್ರದ ಹಂಡೆ, ಹಿತ್ತಾಳೆಯ ಕೊಡಪಾನ. ಆಗಷ್ಟೇ ಸಂಬಳ ಎಣಿಸತೊಡಗಿದ್ದ ನನಗೆ ಅದು ಅವಮಾನವೆನಿಸಿತು. ಒಂದು ಮಧ್ಯಾಹ್ನ ಎಲ್ಲವನ್ನೂ ಎರಡು ಗೋಣಿಗಳಲ್ಲಿ ತುಂಬಿ ಕೊಂಡೊಯ್ದೆ. ತಕ್ಕಡಿಗೆ ಹಾಕಿದರು, ತೂಗಿದರು, ದುಡ್ಡೆಣಿಸಿದರು. ಸ್ಟೀಲಿನ ಸೆಟ್ಟು ಹಿಡಿದು ಗೆದ್ದವನಂತೆ ಮನೆಗೆ ಬಂದೆ. ಅಮ್ಮ ಬೈಯಲಿಲ್ಲ. ಹೊಸ ತಟ್ಟೆಗಳನ್ನು ತಿರುಗಿಸಿ ನೋಡಿ, “ಹೆಸರಿದ್ದ ಬಟ್ಟಲನ್ನೂ ಕೊಟ್ಟೆಯಾ?” ಎಂದಷ್ಟೇ ಕೇಳಿದರು. ಅದು ಅವರ ತಾಯಿ ಮದುವೆಗೆ ಕೊಟ್ಟದ್ದು ಎಂದು ನನಗೆ ಗೊತ್ತಾದದ್ದು ಆಗ. ಮರುದಿನ ಓಡಿಹೋದರೆ ಗೋಣಿಗಳು ಕರಗಿಸುವಲ್ಲಿಗೆ ಹೊರಟುಹೋಗಿದ್ದವು.

ಹೀಗೆ ಮಾರಿ ಬಂದ ನನ್ನನ್ನು ಊರು “ಮನೆ ಸುಧಾರಿಸಿದ ಹುಡುಗ” ಎಂದಿತು. ಅಂಥದೇ ಬಟ್ಟಲನ್ನು ಕುಲುಮೆಯ ಬಾಯಿಂದ ತಪ್ಪಿಸಿ ತನ್ನ ಅಡುಗೆಮನೆಗೆ ಒಯ್ಯುವವಳು ಚೀಲದಲ್ಲಿ ಮುಚ್ಚಿಕೊಂಡು ಹೋಗಬೇಕೇ? ತಾಮ್ರ, ಕಂಚುಗಳಿಗೆ ಗುಜರಿ ಅಂಗಡಿಯೇ ಕೊನೆಯ ನಿಲ್ದಾಣ. ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಮುಂದೆ ಬೆಂಕಿಯೇ. ಅಪಶಕುನವೆಂಬುದಿದ್ದರೆ ಅದು ಮಾರಿದವನಿಗೆ ತಟ್ಟಬೇಕೇ ಹೊರತು ಉಳಿಸಿದವಳಿಗಲ್ಲ.

ಮೂರನೆಯ ಕಾರಣ ಮರ್ಯಾದೆ. ಬಹಳ ಮಂದಿಗೆ ನಿಜವಾದ ಕಾರಣ ಇದೊಂದೇ. ಉಳಿದೆರಡು ಅದರ ಮೇಲೆ ಹೊದಿಸಿದ ಶಾಲು. ಹಳೆಯದನ್ನು ಕೊಂಡರೆ ಕೈಯಲ್ಲಿ ದುಡ್ಡಿಲ್ಲವೆಂದು ಜನ ತಿಳಿಯುತ್ತಾರಂತೆ. ಈ ಮಾತು ಬೇರೆಲ್ಲಾದರೂ ಬಂದಿದ್ದರೆ ಕ್ಷಮಿಸಬಹುದಿತ್ತು. ಉಡುಪಿಯ ಸುತ್ತಿನವರ ಬಾಯಲ್ಲಿ ಇದು ಶೋಭಿಸುವುದಿಲ್ಲ. 1925ರಲ್ಲಿ, ಕೈಮಗ್ಗದ ನೇಕಾರರ ಸಂಕಟವನ್ನು ಕಂಡು ಉಡುಪಿಯಲ್ಲಿ ಕಟ್ಟಿದ ಒಂದು ಸಣ್ಣ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಮನೆಬಾಗಿಲಿಗೆ ಬಂದು ಹಣ ಸಂಗ್ರಹಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡಾಣೆಯನ್ನು ಕೂಡಿಡುವುದು ಮರ್ಯಾದೆಯ ಕೆಲಸ ಎಂದು ದೇಶಕ್ಕೆ ಕಲಿಸಿದ ನೆಲ ಇದು. ಹೊಸದಕ್ಕೆ ಕೊಡಬೇಕಾದ ದುಡ್ಡಿನಲ್ಲಿ ಒಂದಿಷ್ಟನ್ನು ಉಳಿಸುವ ಹೆಂಗಸು ಅದೇ ಕೆಲಸ ಮಾಡುತ್ತಿದ್ದಾಳೆ. ಅವಳನ್ನು ಕಂಡು ನಗುವವರು ತಮ್ಮ ಅಜ್ಜನ ಪಿಗ್ಮಿ ಪುಸ್ತಕವನ್ನು ಕಂಡು ನಕ್ಕ ಹಾಗೆ.

ಈ ಪೊಳ್ಳು ಮರ್ಯಾದೆಗೆ ಬೆಲೆ ತೆರುವವರು ಯಾರೆಂಬುದನ್ನೂ ನೋಡಬೇಕು. ಉಳ್ಳವರಿಗೆ ಇದರಿಂದ ನಷ್ಟವಿಲ್ಲ. ಮಗಳ ಮದುವೆಗೆ, ಮಗನ ಬಿಡಾರಕ್ಕೆ ಹೊಸ ಪಾತ್ರೆಯೇ ಆಗಬೇಕೆಂದು ಕಂತಿನ ಸಾಲ ಮಾಡುವವರು ಇಲ್ಲದವರು. ಆ ಸಾಲಕ್ಕೆ ಸಿಗುವುದಾದರೂ ಏನು? ವರ್ಷದೊಳಗೆ ಹಿಡಿ ಕಳಚುವ ತೆಳ್ಳನೆಯ ತಗಡು. ನಾಲ್ಕು ತಲೆಮಾರು ಬಾಳಿದ ಉರುಳಿ ಅದೇ ಪೇಟೆಯಲ್ಲಿ ಗೋಣಿಯ ಕೆಳಗೆ ಬಿದ್ದಿರುತ್ತದೆ.

ಇನ್ನು ಹಳೆಯದನ್ನು ಹೆಮ್ಮೆಯಿಂದ ಕೊಳ್ಳುವ ಒಂದು ಗುಂಪಿದೆ. ಇವರ ಮನೆಯಲ್ಲಿ ತಾಮ್ರದ ಹಂಡೆಯೊಳಗೆ ಬಣ್ಣದೆಲೆಯ ಗಿಡ, ಅಕ್ಕಿ ಅಳೆದ ಸೇರಿನೊಳಗೆ ಪೆನ್ನುಗಳು, ಕಡೆಯುವ ಕಲ್ಲಿನ ಗುಂಡಿಯಲ್ಲಿ ತೇಲುವ ಹೂ. ಬೊಂಬಾಯಿಯ ಮಟನ್ ಸ್ಟ್ರೀಟಿನ ಚೋರ್ ಬಜಾರಿನಿಂದ ತಂದ ಗ್ರಾಮಫೋನನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಅಂಗಡಿಗೆ ಮತ್ತು ವಸ್ತುವಿಗೆ ‘ಆಂಟಿಕ್’ ಎಂಬ ಹೆಸರು ಬಿದ್ದೊಡನೆ ಮೈಲಿಗೆಯೂ ಅಪಶಕುನವೂ ಹಾರಿಹೋಗುತ್ತವೆ! ಅಂದರೆ ಹಳೆಯ ಪಾತ್ರೆ ಕೀಳಲ್ಲ. ಅದರಲ್ಲಿ ಅನ್ನ ಬೇಯಿಸುವುದು ಮಾತ್ರ ಕೀಳು ಎಂದಾಯಿತು. ಇದಕ್ಕಿಂತ ವಿಚಿತ್ರವಾದ ಸಿದ್ಧಾಂತವನ್ನು ನಾನು ಕಂಡಿಲ್ಲ.

ಮಣಿಪಾಲದ ವಿಜಯನಾಥ ಶೆಣೈಯವರನ್ನು ಈ ಗುಂಪಿಗೆ ಸೇರಿಸಬಾರದು. 2017ರಲ್ಲಿ ತೀರಿಕೊಂಡ ಈ ಮಹನೀಯರು, ಜನ ಕೆಡವಲು ಹೊರಟ ಮನೆಗಳನ್ನು ಕಂಬ ತೊಲೆಗಳ ಸಹಿತ ಬಿಚ್ಚಿ ತಂದು ಮತ್ತೆ ನಿಲ್ಲಿಸಿ, ಮನೆವಾರ್ತೆಯ ಸಾಮಾನುಗಳನ್ನೂ ಕೂಡಿಹಾಕಿ, ಹಸ್ತಶಿಲ್ಪದ ಹೆರಿಟೇಜ್ ವಿಲೇಜನ್ನು ಕಟ್ಟಿದರು. ಎಲ್ಲರೂ ಎಸೆಯುತ್ತಿದ್ದಾಗ ಒಬ್ಬರು ಆರಿಸಿಕೊಂಡರು. ಆದರೆ ಅದನ್ನು ನೋಡಿ “ಅಬ್ಬಾ!” ಎಂದು ಮೆಚ್ಚಿ, ಮನೆಗೆ ಮರಳಿ, ಅಟ್ಟದ ಮೇಲಿನ ಭರಣಿಯನ್ನು ಮಾರುವ ನಮಗೆ ಆ ಮೆಚ್ಚುಗೆಯಿಂದ ಏನು ಬಂತು? ಎಲ್ಲವನ್ನೂ ವಸ್ತುಸಂಗ್ರಹಾಲಯದಲ್ಲಿ ಇಡಲಾಗುವುದಿಲ್ಲ. ಉಳಿದದ್ದು ಉಳಿಯಬೇಕಾದದ್ದು ಒಲೆಯ ಮೇಲೆಯೇ.

ಅದೇ ಮಣಿಪಾಲದ ಹುಡುಗರಿಂದ ನಾವು ಒಂದು ಪಾಠ ಕಲಿಯಬಹುದು. ಓದು ಮುಗಿಸಿ ಊರಿಗೆ ಹೊರಡುವವರು ತಮ್ಮ ಬಕೆಟ್ಟು, ಹಾಸಿಗೆ, ನೀರು ಕಾಯಿಸುವ ಕೆಟಲು, ಇಂಡಕ್ಷನ್ ಒಲೆಗಳನ್ನು ಹೊಸದಾಗಿ ಬಂದವರಿಗೆ ಅರೆಬೆಲೆಗೆ ದಾಟಿಸುತ್ತಾರೆ. ಕೊಂಡವರು “ಸೀನಿಯರಿಂದ ಸಿಕ್ಕಿತು” ಎಂದು ಸಂತೋಷದಿಂದ ಹೇಳಿಕೊಳ್ಳುತ್ತಾರೆ. ಯಾರ ಮುಖವೂ ಸಣ್ಣದಾಗುವುದಿಲ್ಲ. ಬೊಂಬಾಯಿಯ ಖೋಲಿಗಳಲ್ಲಿ ನಮ್ಮ ಊರಿನ ಹೋಟೆಲ್ ಕೆಲಸಗಾರರು ಸ್ಟೌ, ಪಾತ್ರೆಗಳನ್ನು ಒಬ್ಬರಿಂದೊಬ್ಬರಿಗೆ ಬಿಟ್ಟು ಹೋಗುತ್ತಿದ್ದದ್ದೂ ಹೀಗೆಯೇ. ಪರವೂರಿನಲ್ಲಿ ಸಹಜವಾದದ್ದು ಸ್ವಂತ ಬೀದಿಯಲ್ಲಿ ಏಕೆ ನಾಚಿಕೆಯಾಗಬೇಕು?

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನನ್ನ ವಾದವಲ್ಲ. ಲೇಪ ಎದ್ದುಹೋದ ನಾನ್‌ಸ್ಟಿಕ್ ಬಾಣಲೆಯನ್ನು ಧರ್ಮಕ್ಕೆ ಕೊಟ್ಟರೂ ತರಬೇಡಿ. ಒಳಗೆ ಗುಳಿಬಿದ್ದ ಅಲ್ಯೂಮಿನಿಯಂ, ಚಕ್ಕೆಯೆದ್ದ ಎನಾಮಲ್ ಬೇಡ. ಕುಕ್ಕರಿನ ಅಂಚು ನೆಗ್ಗಿದ್ದರೆ, ತಳ ಉಬ್ಬಿದ್ದರೆ ಬಿಟ್ಟುಬಿಡಿ. ಸರಿಯಿದ್ದರೂ ಗ್ಯಾಸ್ಕೆಟ್ಟು ಮತ್ತು ಸುರಕ್ಷತಾ ವಾಲ್ವನ್ನು ಹೊಸದಾಗಿ ಹಾಕಿಸಿಯೇ ಒಲೆಗಿಡಿ. ಕಂಚು ಎಂದರೆ ಸುಮಾರು ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ. ಬೆರಳಿನಿಂದ ಬಡಿದರೆ ಗಂಟೆಯಂತೆ ನುಡಿಯಬೇಕು. ಮೊಟಕಾಗಿ ಸದ್ದು ಮಾಡಿದರೆ ಎಲ್ಲೋ ಬಿರುಕುಂಟು. ತಾಮ್ರ, ಹಿತ್ತಾಳೆಗಳಿಗೆ ಒಳಗೆ ಕಲಾಯಿ ಇಲ್ಲದೆ ಹುಳಿ, ಸಾರು, ಮೊಸರು ಹಾಕಲೇಬಾರದು. ಕಲಾಯಿಗೆ ಶುದ್ಧ ತವರವೇ ಆಗಬೇಕು, ಸೀಸ ಬೆರೆತದ್ದು ವಿಷ. ತವರ 232 ಡಿಗ್ರಿ ಸೆಲ್ಸಿಯಸಿಗೆ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬೇಡಿ. ಹಿಂದೆ ಕಲಾಯಿಯವನು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ. ತಿದಿ ಊದಿ, ನವಸಾಗರ ಎರಚಿ, ಹತ್ತಿಯಿಂದ ಒಂದು ಸಲ ಒರಸಿದರೆ ಪಾತ್ರೆಯೊಳಗೆ ಬೆಳ್ಳಿ ಹರಿದಂತಾಗುತ್ತಿತ್ತು. ಈಗ ಅವನನ್ನು ಹುಡುಕಬೇಕು. ಪಾತ್ರೆಗಳನ್ನು ನಾವು ಮಾರಿದ ಮೇಲೆ ಅವನು ಯಾರ ಮನೆಯ ಮುಂದೆ ಕೂಗಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಅದಕ್ಕೆ ಸಂಘ ಕಟ್ಟಬೇಕಾಗಿಲ್ಲ, ಠರಾವು ಮಾಡಬೇಕಾಗಿಲ್ಲ. ಗುಜರಿಗೆ ಹಾಕುವ ಮೊದಲು, ಬೇಕಾದವರು ಯಾರಾದರೂ ಇದ್ದಾರೆಯೇ ಎಂದು ನೆರೆಯಲ್ಲಿ ಒಮ್ಮೆ ಕೇಳಿ. ಕೊಂಡವರನ್ನು ಕಂಡರೆ ಹುಬ್ಬೇರಿಸಬೇಡಿ. ಮತ್ತು ನೀವು ಉಳ್ಳವರಾಗಿದ್ದರೆ, ಒಂದಾದರೂ ಹಳೆಯ ಪಾತ್ರೆಯನ್ನು ಹಾಡುಹಗಲಲ್ಲಿ, ಚೀಲವಿಲ್ಲದೆ, ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯಿರಿ. ನಿಮ್ಮನ್ನು ಯಾರೂ ಬಡವರೆನ್ನುವುದಿಲ್ಲ. ನಿಮ್ಮ ಹಿಂದೆ ಬರುವವರಿಗೆ ದಾರಿ ಸುಗಮವಾಗುತ್ತದೆ.

ಅಂದು ನಾನು ಹೆರೆಮಣೆಯೊಡನೆ ಒಂದು ಕಂಚಿನ ಬಟ್ಟಲನ್ನೂ ಕೊಂಡೆ. ಅದರ ಅಂಚಿನಲ್ಲಿ ಯಾರದೋ ಹೆಸರಿದೆ, ನನ್ನ ಅಮ್ಮನದಲ್ಲ. ಅಂಗಡಿಯವರು ಪೇಪರಿನಲ್ಲಿ ಸುತ್ತಲು ಹೋದಾಗ ಬೇಡವೆಂದೆ. ಮನೆ ತಲಪುವಷ್ಟರಲ್ಲಿ ಮೂವರು ಕೇಳಿದರು. ಮೂವರಿಗೂ ಗುಜರಿ ಅಂಗಡಿಯಿಂದ ತಂದೆನೆಂದು ಹೇಳಿದೆ. ಮೂರನೆಯವರು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, “ಅಲ್ಲಿ ಉರುಳಿ ಉಂಟೇ?” ಎಂದು ವಿಚಾರಿಸಿದರು. ಉಂಟು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.