ಅಳಿದುಳಿದ ವೃಕ್ಷಗಳು

ಒಂದು ಜೀವಿ ಅಳಿದುಹೋಯಿತೆಂದು ಹೇಳುವುದು ಸುಲಭ. ಹಾಗೆ ಹೇಳುವ ಮೊದಲು ಹುಡುಕಿ ನೋಡುವುದು ಕಷ್ಟ. ಅಮೆರಿಕದ ಚೆಸ್ಟ್‌ನಟ್ ಮರದ ಕಥೆ ಈ ಮಾತಿಗೆ ನಿದರ್ಶನವಾಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದ ಅರಣ್ಯಗಳಲ್ಲಿ ಒಂದು ಕಾಲಕ್ಕೆ ಸುಮಾರು 400 ಕೋಟಿ ಚೆಸ್ಟ್‌ನಟ್ ಮರಗಳಿದ್ದುವೆಂದು ಅಂದಾಜು. ಅವುಗಳ ಸಿಹಿಯಾದ ಬೀಜ ಮನುಷ್ಯರಿಗೂ ಕಾಡುಪ್ರಾಣಿಗಳಿಗೂ ಆಹಾರವಾಗಿದ್ದಿತು. ಬೇಗ ಕೊಳೆಯದ ಮರಮುಟ್ಟು ಮನೆಗೂ ಬೇಲಿಗೂ ಒದಗುತ್ತಿದ್ದಿತು. 1904ರಲ್ಲಿ ನ್ಯೂಯಾರ್ಕಿನ ಮೃಗಾಲಯವೊಂದರಲ್ಲಿ ಈ ಮರಗಳು ಒಣಗುತ್ತಿರುವುದು ಕಂಡುಬಂದಿತು. ಏಷ್ಯಾಖಂಡದಿಂದ ಬಂದ ಶಿಲೀಂಧ್ರವೊಂದು ತೊಗಟೆಯ ಗಾಯಗಳ ಮೂಲಕ ಒಳಹೊಕ್ಕು, ಕಾಂಡವನ್ನು ಸುತ್ತುವರಿದು ಮರವನ್ನು ಕೊಲ್ಲುತ್ತಿದ್ದಿತು. ಅರ್ಧ ಶತಮಾನದೊಳಗೆ ಹೆಮ್ಮರಗಳು ಬಹುತೇಕ ನೆಲಕ್ಕೊರಗಿದುವು. ಹೇಗೂ ಸಾಯುವುದೆಂದು ಬಗೆದು ಆರೋಗ್ಯವಾಗಿದ್ದ ಮರಗಳನ್ನೂ ಜನರು ಕಡಿದರು. ರೋಗವನ್ನು ಎದುರಿಸಬಲ್ಲ ಮರಗಳೂ ಅವುಗಳಲ್ಲಿ ಇದ್ದಿರಬಹುದಲ್ಲವೇ? ರೋಗಕ್ಕಿಂತ ಈ ಆತುರವೇ ಹೆಚ್ಚು ಶೋಚನೀಯವೆಂದು ನನ್ನ ಭಾವನೆ.

ಆದರೆ ಮಣ್ಣಿನೊಳಗಿನ ಬೇರನ್ನು ಆ ಶಿಲೀಂಧ್ರ ಕೊಲ್ಲಲಾರದು. ಸತ್ತ ಮರದ ಬುಡದಿಂದ ಚಿಗುರು ಮೂಡುತ್ತದೆ, ಕೆಲವು ವರ್ಷ ಬೆಳೆದು ಮತ್ತೆ ರೋಗಕ್ಕೆ ತುತ್ತಾಗುತ್ತದೆ, ಮತ್ತೆ ಚಿಗುರುತ್ತದೆ. ಅಲ್ಲೊಂದು ಇಲ್ಲೊಂದು ಮರ ಹೂಬಿಡುವಷ್ಟು ಎತ್ತರಕ್ಕೆ ಬೆಳೆಯುವುದೂ ಉಂಟು. ಇಂಥವನ್ನು ಹುಡುಕುವವರು ಮೋಸಹೋಗಬಾರದು. ಏಕೆಂದರೆ ಚೀನಾದ ಚೆಸ್ಟ್‌ನಟ್ ಮರಗಳನ್ನೂ ಆ ದೇಶದಲ್ಲಿ ನೆಟ್ಟು ಬೆಳೆಸಿದ್ದಾರೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಅಮೆರಿಕದ ಮರದ ಎಲೆ ನೀಳವಾದುದು. ಅದರ ಅಂಚಿನಲ್ಲಿ ಗರಗಸದಂತೆ ಬಾಗಿದ ಹಲ್ಲುಗಳಿರುತ್ತವೆ. ಎಳೆಯ ರೆಂಬೆ ನುಣುಪಾಗಿರುತ್ತದೆ. ಚೀನಾದ ಮರದ ಎಲೆ ಅಗಲವಾದುದು. ಎಲೆಯ ಅಡಿಯಲ್ಲಿಯೂ ಎಳೆಯ ರೆಂಬೆಯ ಮೇಲೆಯೂ ನವಿರಾದ ರೋಮಗಳಿರುತ್ತವೆ.

ಮುಂದೆ ರೋಗದಿಂದ ಸಾಯಬಹುದಾದ ಮರವನ್ನು ಹುಡುಕಿ ಫಲವೇನೆಂದು ಕೆಲವರು ಕೇಳಬಹುದು. ಚೆಸ್ಟ್‌ನಟ್ ಮರ ತನ್ನದೇ ಪರಾಗದಿಂದ ಸಾಮಾನ್ಯವಾಗಿ ಬೀಜ ಕಟ್ಟದು. ಒಂಟಿ ಮರದ ಮುಳ್ಳುಕಾಯಿಯನ್ನು ಬಿಡಿಸಿದರೆ ಒಳಗೆ ಜಳ್ಳು. ಇನ್ನೊಂದು ಮರವನ್ನು ಹುಡುಕಿ ಅದರ ಪರಾಗವನ್ನು ತಂದುಕೊಟ್ಟರೆ ಮಾತ್ರ ವಂಶ ಮುಂದುವರಿದೀತು. 1983ರಲ್ಲಿ ಸ್ಥಾಪನೆಯಾದ ಅಮೆರಿಕನ್ ಚೆಸ್ಟ್‌ನಟ್ ಪ್ರತಿಷ್ಠಾನವು ಜನಸಾಮಾನ್ಯರು ಕಳುಹಿಸುವ ಎಲೆ ರೆಂಬೆಗಳನ್ನು ಪರೀಕ್ಷಿಸಿ ಮರವನ್ನು ಗುರುತಿಸುತ್ತದೆ. ರೋಗನಿರೋಧಕ ತಳಿಯನ್ನು ಬೆಳೆಸುವ ಪ್ರಯತ್ನಕ್ಕೆ ಇಂಥ ಮರಗಳೇ ಮೂಲಧನ.

ಉಳಿದಿರುವುದನ್ನು ಗುರುತಿಸಬಲ್ಲವರು ಮಾತ್ರ ಅದನ್ನು ಉಳಿಸಬಲ್ಲರು. ವಿದ್ಯಾರ್ಥಿಗಳೇ, ಒಂದು ಎಲೆಯನ್ನು ತಿರುಗಿಸಿ ಅದರ ಅಡಿಯನ್ನು ನೋಡುವ ತಾಳ್ಮೆಯೂ ವಿದ್ಯೆಯೇ ಎಂಬುದನ್ನು ಮರೆಯದಿರಿ.