ಟೋಪಿಯೋ, ತಿರುಗಿ ಬರುವ ಕೋಲೋ?

ಹೆಸರು ಗೊತ್ತಿದ್ದರೆ ಇವತ್ತು ಏನು ಬೇಕಾದರೂ ಸಿಗುತ್ತದೆ. ಹೆಸರೇ ಗೊತ್ತಿಲ್ಲದಿದ್ದರೆ? ಅರ್ಧ ರಾಗ, ಒಂದು ಪ್ರಾಣಿ, ಯಾರದೋ ಮನೆಯ ಟಿವಿ. ಇಷ್ಟನ್ನೇ ಇಟ್ಟುಕೊಂಡು ಮೊಬೈಲ್ ಹಿಡಿದು ಕೂತರೆ ಗೂಗಲ್‌ಗೂ ತಲೆ ಕೆಡುತ್ತದೆ, ನಮಗೂ ಕೆಡುತ್ತದೆ.

ನನ್ನ ವಯಸ್ಸಿನವರಿಗೆ ಈ ಕಷ್ಟ ಕಡಿಮೆ. ನಾವು ಪೋಕೆಮಾನ್, ಬೇಬ್ಲೇಡ್, ಡ್ರ್ಯಾಗನ್ ಬಾಲ್ ಝಡ್ ಕಾಲದವರು. ಹೆಸರೂ ಗೊತ್ತು, ಜಪಾನಿನದು ಅನ್ನೋದೂ ಗೊತ್ತು. ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರ ಕಥೆ ಬೇರೆ. ಅವರೂ ಅನಿಮೆ ನೋಡಿದ್ದಾರೆ, ಆದರೆ ಅದಕ್ಕೆ ಅನಿಮೆ ಅನ್ನುತ್ತಾರೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ದೂರದರ್ಶನದಲ್ಲಿ ಬಂತು, ಹಿಂದಿಯಲ್ಲಿ ಮಾತಾಡಿತು, ಹೋಯಿತು.

ಇಂಥದ್ದೊಂದು ಪತ್ತೇದಾರಿ ಕೆಲಸ ಮೊನ್ನೆ ನನ್ನ ಪಾಲಿಗೆ ಬಂತು. ಕೊಟ್ಟವರು ನನ್ನ ದೊಡ್ಡಮ್ಮನ ಮಕ್ಕಳು, ಅಕ್ಕ ಮತ್ತು ಅಣ್ಣ. ಇಬ್ಬರೂ ಅಂಕೋಲೆಯಲ್ಲಿ ಬೆಳೆದವರು. ಅಕ್ಕ ಈಗ ಪುಣೆಯಲ್ಲಿ, ಅಣ್ಣ ಕಾರವಾರದಲ್ಲಿ. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆ ಪಾಲಿನ ವಿಷಯದಲ್ಲಿ ಮಾತು ಬಿಟ್ಟು ಆರು ವರ್ಷವಾಯಿತು. ಫ್ಯಾಮಿಲಿ ಗ್ರೂಪಿನಲ್ಲಿ ಇಬ್ಬರೂ ಇದ್ದಾರೆ, ಆದರೆ ಒಬ್ಬರ ಮೆಸೇಜಿಗೆ ಇನ್ನೊಬ್ಬರು ಉತ್ತರ ಕೊಡೋದಿಲ್ಲ. ಹಬ್ಬದ ಶುಭಾಶಯವನ್ನೂ ಗಣಪತಿಗೆ ಹೇಳಿದ ಹಾಗೆ ಎಲ್ಲರಿಗೂ ಸೇರಿಸಿ ಹೇಳಿ ಸುಮ್ಮನಾಗುತ್ತಾರೆ.

ಅಕ್ಕನ ಮಗಳಿಗೆ ಅನಿಮೆ ಹುಚ್ಚು. "ಅಮ್ಮಾ, ನಿಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?" ಅಂತ ಕೇಳಿದಳಂತೆ. ಅಕ್ಕ ಗ್ರೂಪಿನಲ್ಲಿ ಬರೆದಳು: "ಪಕ್ಕದ ಮನೆ ಟಿವಿಯಲ್ಲಿ ಒಂದು ಕಾರ್ಟೂನ್ ನೋಡ್ತಿದ್ವಲ್ಲ. ಹುಡುಗಿ, ಮೊಲ, ಟೋಪಿ ಬಗ್ಗೆ ಹಾಡು. ಹೆಸರು ಯಾರಿಗಾದ್ರೂ ನೆನಪಿದ್ಯಾ?"

ಇಪ್ಪತ್ತು ನಿಮಿಷ ಬಿಟ್ಟು ಅಣ್ಣ ಬರೆದ. "ಹುಡುಗಿ ಅಲ್ಲ, ಹುಡುಗ. ಕೈಯಲ್ಲಿ ಸೊಟ್ಟ ಕೋಲು. ಎಸೆದ್ರೆ ತಿರುಗಿ ಬರ್ತಿತ್ತು."

"ಅದು ಬೇರೆ."

"ಬೇರೆ ಎಂತಾ ಮಾರಾಯ್ತಿ? ಅದೇ ಟಿವಿ, ಅದೇ ನಮೂನೆ ಹಾಡು."

ಗ್ರೂಪಿನಲ್ಲಿದ್ದ ಹತ್ತೊಂಬತ್ತು ಜನರೂ ಉಸಿರು ಬಿಗಿ ಹಿಡಿದಿರಬೇಕು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ನಾನು ಮಾತ್ರ ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿದೆ.

ಚಿತ್ರ ತೋರಿಸಬೇಡಿ, ಪ್ರಶ್ನೆ ಕೇಳಿ

ಇಂಥ ಹುಡುಕಾಟದಲ್ಲಿ ಎಲ್ಲರೂ ಮೊದಲು ಮಾಡೋದು ಒಂದೇ ಕೆಲಸ: ಒಂದು ಫೋಟೋ ಹುಡುಕಿ "ಇದೇನಾ?" ಅಂತ ಕಳಿಸೋದು. ನಾನು ಬೇಕಂತಲೇ ಅದನ್ನು ಮಾಡಲಿಲ್ಲ. ಚಿತ್ರ ಕಂಡ ಕೂಡಲೇ ಹಳೆಯ ನೆನಪು ಅದರ ಬಟ್ಟೆ ತೊಟ್ಟುಕೊಂಡುಬಿಡುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಕಾರು ಅಪಘಾತದ ಫಿಲ್ಮ್ ತೋರಿಸಿ, ಒಂದಷ್ಟು ಜನರಿಗೆ ಕಾರುಗಳು "ತಾಗಿದಾಗ" ಎಷ್ಟು ವೇಗ ಇತ್ತು ಅಂತ ಕೇಳಿದರು, ಇನ್ನೊಂದಷ್ಟು ಜನರಿಗೆ "ಅಪ್ಪಳಿಸಿದಾಗ" ಎಷ್ಟಿತ್ತು ಅಂತ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಹೆಚ್ಚಿನ ವೇಗ ಹೇಳಿದರು. ವಾರ ಬಿಟ್ಟು ಕೇಳಿದಾಗ, ಫಿಲ್ಮಿನಲ್ಲಿ ಇಲ್ಲದ ಒಡೆದ ಗಾಜು ಕಂಡಿದ್ದೆವು ಅಂದವರೂ ಅವರಲ್ಲೇ ಜಾಸ್ತಿ. ಪ್ರಶ್ನೆಯ ಒಂದು ಪದಕ್ಕೇ ಇಷ್ಟು ಶಕ್ತಿ ಇದ್ದರೆ ಒಂದು ಚಿತ್ರಕ್ಕೆ ಎಷ್ಟಿರಬೇಡ?

ಅಕ್ಕನಿಗೆ ಕೇಳಿದೆ: "ಆ ಮೊಲ ಏನು ಮಾಡ್ತಿತ್ತು? ಓಡಿ ಹೋಗ್ತಿತ್ತಾ, ಜೊತೆಗೇ ಇರ್ತಿತ್ತಾ?"

"ಜೊತೆಗೇ. ಪುಟ್ಟ ಮೊಲ. ಅವಳು ಹೋದಲ್ಲೆಲ್ಲ ಅದೂ ಹೋಗ್ತಿತ್ತು."

"ಫ್ರಾಕ್ ಯಾವ ಬಣ್ಣ?"

ಅಕ್ಕ ನಕ್ಕಳು. "ಬ್ಲ್ಯಾಕ್ ಅಂಡ್ ವೈಟ್ ಟಿವಿ ಕಣೋ. ಎಲ್ಲಾ ಫ್ರಾಕೂ ಬೂದಿ ಬಣ್ಣವೇ."

ಹುಡುಗಿ, ಮೊಲ, ಟೋಪಿ ಅಂದರೆ ಯಾರಿಗಾದರೂ ಅಲೈಸ್ ನೆನಪಾಗುತ್ತಾಳೆ. ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ' ಅಂತ ಕನ್ನಡಕ್ಕೆ ತಂದ ಕಥೆಯ ಹುಡುಗಿ ಇವಳೇ. ಆದರೆ ಹುಡುಕಿದರೆ ಮೊದಲು ಸಿಗೋದು ಡಿಸ್ನಿಯ 1951ರ ಸಿನಿಮಾ. ಅದರಲ್ಲಿ ಬಿಳಿ ಮೊಲ ಗಡಿಯಾರ ಹಿಡಿದು ಓಡುತ್ತಲೇ ಇರುತ್ತದೆ, ಅಲೈಸ್ ಅದರ ಹಿಂದೆ ಓಡುತ್ತಾಳೆ. ಜೊತೆಗಾರ ಮೊಲ ಅಲ್ಲಿಲ್ಲ. ಮೇಲಾಗಿ ಅದೊಂದು ಸಿನಿಮಾ. ಅಕ್ಕ ನೋಡಿದ್ದು ವಾರ ವಾರ ಬರುತ್ತಿದ್ದ ಸರಣಿ.

ಜೊತೆಗಾರ ಮೊಲ ಇರುವ ಅಲೈಸ್ ಜಪಾನಿನವಳು. ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆ 1983ರಲ್ಲಿ ಮಾಡಿದ ಸರಣಿ ಅದು. ಮೊಲದ ಹೆಸರು ಬೆನ್ನಿ. ಹುಡುಗಿಯ ಬಟ್ಟೆ ಕೆಂಪು ಬಿಳಿ, ಡಿಸ್ನಿಯವಳ ಹಾಗೆ ನೀಲಿ ಅಲ್ಲ. ಕಲರ್ ಟಿವಿಯಲ್ಲಿ ನೋಡಿದವರಿಗೆ ಇದೊಂದೇ ಗುರುತು ಸಾಕಿತ್ತು. 90ರ ದಶಕದ ಮೊದಲ ವರ್ಷಗಳಲ್ಲಿ ದೂರದರ್ಶನ ಇದನ್ನು ಹಿಂದಿಯಲ್ಲಿ ತೋರಿಸಿತು. ಟೋಪಿಯ ಹಾಡು ಬರೆದದ್ದು ಗುಲ್ಜಾರ್, ರಾಗ ಹಾಕಿದ್ದು ವಿಶಾಲ್ ಭಾರದ್ವಾಜ್.

ಸೊಟ್ಟ ಕೋಲಿನ ಹುಡುಗ

ಇನ್ನು ಅಣ್ಣ. ಅವನ ನೆನಪಿನಲ್ಲಿ ತೋಳ ಇತ್ತು, ಹುಲಿ ಇತ್ತು, ಕಾಡು ಇತ್ತು. "ಹಾಗಾದ್ರೆ ಮೋಗ್ಲಿ ಅಲ್ವಾ?" ಅಂದರೆ ಒಪ್ಪಲೇ ಇಲ್ಲ. "ಮೋಗ್ಲಿ ಸಿನಿಮಾ ಮಗನ ಜೊತೆ ನೋಡಿದ್ದೇನೆ. ಅದರಲ್ಲಿ ಕೋಲೇ ಇಲ್ಲ."

ಅವನು ಹೇಳಿದ್ದು ನಿಜ. ಡಿಸ್ನಿಯ 1967ರ ಸಿನಿಮಾದಲ್ಲಿ ಆ ಕೋಲು ಇಲ್ಲ, ರಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೂ ಇಲ್ಲ. ಕಥೆ ನಡೆಯೋದು ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ. ಆಸ್ಟ್ರೇಲಿಯಾದ ಬೂಮರಾಂಗ್‌ಗೆ ಅಲ್ಲೇನು ಕೆಲಸ? ಆದರೆ ನಿಪ್ಪಾನ್ ಆ್ಯನಿಮೇಷನ್ 1989ರಲ್ಲಿ ಮಾಡಿದ 52 ಕಂತುಗಳ ಸರಣಿಯಲ್ಲಿ ಮೋಗ್ಲಿಯ ಆಯುಧವೇ ಬೂಮರಾಂಗ್. ಜೊತೆಗೆ ಕಿಚಿ ಅನ್ನುವ ಕೆಂಪು ಪಾಂಡಾ ಒಂದನ್ನೂ ಸೇರಿಸಿದ್ದಾರೆ. ಅದೂ ಹಿಮಾಲಯದ ಕಡೆಯ ಪ್ರಾಣಿ, ಸಿವನಿಯದ್ದಲ್ಲ. ಇಂಥ 'ಇಲ್ಲಿರಬಾರದ' ವಸ್ತುಗಳೇ ನಮ್ಮಂಥ ಹುಡುಕಾಟದವರಿಗೆ ಹೆಬ್ಬೆರಳ ಗುರುತು. ತೋಳ, ಹುಲಿ ಎಲ್ಲಾ ಮೋಗ್ಲಿಗಳಲ್ಲೂ ಇವೆ. ತಿರುಗಿ ಬರುವ ಕೋಲೇ ಈ ಮೋಗ್ಲಿಯನ್ನು ಬೇರೆ ಮಾಡಿತು.

1993ರ ಹೊತ್ತಿಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದದ್ದು ಇದೇ. ಶೇರ್ ಖಾನ್ ಹುಲಿಗೆ ದನಿ ಕೊಟ್ಟದ್ದು ನಾನಾ ಪಾಟೇಕರ್. ಚಡ್ಡಿ ಹಾಕಿದ ಹೂವಿನ ಆ ಹಾಡು? ಗುಲ್ಜಾರ್, ವಿಶಾಲ್ ಭಾರದ್ವಾಜ್.

ಇಲ್ಲಿಗೆ ಗಂಟು ಬಿಚ್ಚಿತು. ಸರಣಿ ಎರಡು. ಆದರೆ ಮಾಡಿದ ಸಂಸ್ಥೆ ಒಂದೇ, ಹಾಡು ಬರೆದವರು, ರಾಗ ಹಾಕಿದವರು, ತೋರಿಸಿದ ಚಾನೆಲ್, ಅಂಕೋಲೆಯ ಆ ಪಕ್ಕದ ಮನೆ ಟಿವಿ ಎಲ್ಲವೂ ಒಂದೇ. ಮೂವತ್ತು ವರ್ಷದಲ್ಲಿ ಎರಡೂ ಕರಗಿ ಒಂದೇ 'ಆ ಕಾರ್ಟೂನ್' ಆಗಿಬಿಟ್ಟಿತ್ತು. ಇನ್ನೊಂದು ಮಜಾ ಕೇಳಿ. ಅಲೈಸ್ ಪುಸ್ತಕ ಹೊರಬಂದದ್ದು 1865ರಲ್ಲಿ, ಕಿಪ್ಲಿಂಗ್ ಮುಂಬೈಯಲ್ಲಿ ಹುಟ್ಟಿದ್ದೂ ಅದೇ 1865ರಲ್ಲಿ.

ಹೆಸರು ಯಾಕೆ ಉಳಿಯಲಿಲ್ಲ?

ನಮ್ಮ ಕಡೆಯ ಆ ಕಾಲದ ಟಿವಿ ನೆನಪಿಸಿಕೊಳ್ಳಿ. ಉಪ್ಪು ಗಾಳಿಗೆ ತುಕ್ಕು ಹಿಡಿದ ಆಂಟೆನಾ, ಹಂಚಿನ ಮಾಡು ಹತ್ತಿ ಅದನ್ನು ತಿರುಗಿಸುವವನೊಬ್ಬ, ಅಂಗಳದಿಂದ "ಬಂತು, ಬಂತು, ಹೋಯ್ತು" ಅಂತ ಕೂಗುವವಳೊಬ್ಬಳು. ಮಳೆಗಾಲದಲ್ಲಿ ಕರೆಂಟ್ ಇದ್ದರೆ ಪುಣ್ಯ. ಟೈಟಲ್ ಬರುವ ಹೊತ್ತಿಗೆ ಚಿತ್ರ ಸರಿಯಾಗಿರುತ್ತಿರಲಿಲ್ಲ, ಚಿತ್ರ ಸರಿಯಾಗುವ ಹೊತ್ತಿಗೆ ಟೈಟಲ್ ಮುಗಿದಿರುತ್ತಿತ್ತು. ಆದರೆ ಹಾಡು ಮಾತ್ರ ಚಿತ್ರ ಇಲ್ಲದಿದ್ದರೂ ಕೇಳಿಸುತ್ತಿತ್ತು.

ಭಾಷೆಯ ಮಾತೂ ಇದೆ. ಮನೆಯಲ್ಲಿ ಕನ್ನಡವೋ ಕೊಂಕಣಿಯೋ ಆಡುವ ಮಕ್ಕಳು ಹಿಂದಿ ಹಾಡನ್ನು ಅರ್ಥ ತಿಳಿದು ಕಲಿಯಲಿಲ್ಲ, ಸದ್ದು ಹಿಡಿದು ಕಲಿತರು. ಅದಕ್ಕೇ ಈಗ ಆ ಸಾಲುಗಳನ್ನು ಟೈಪ್ ಮಾಡಿದರೆ ಏನೂ ಸಿಗೋದಿಲ್ಲ. ಅವರ ಬಾಯಲ್ಲಿರುವುದು ಯಾವ ಭಾಷೆಯೂ ಅಲ್ಲ. ಕನ್ನಡದ ಮಕ್ಕಳಿಗೆ ಅಂತಲೇ ಚಿಂಟು ಟಿವಿ ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಅಕ್ಕನಿಗೆ ಮದುವೆ ಆಗಿತ್ತು.

ನಿಮ್ಮ ಮನೆಯಲ್ಲೂ ಹುಡುಕುವುದಾದರೆ

ಇಸವಿ ಕೇಳಬೇಡಿ, ಯಾರಿಗೂ ನೆನಪಿರೋದಿಲ್ಲ. ಆಗ ಎಷ್ಟನೇ ಕ್ಲಾಸು, ಯಾರ ಮನೆಯ ಟಿವಿ ಅಂತ ಕೇಳಿ. ಇಸವಿ ತಾನಾಗಿ ಸಿಗುತ್ತದೆ.

ಹಾಡನ್ನು ಬರೆಸಬೇಡಿ, ಗುನುಗಿಸಿ ರೆಕಾರ್ಡ್ ಮಾಡಿ. ಅದೇ ವಯಸ್ಸಿನ ಇನ್ನೊಬ್ಬರಿಗೆ ಕೇಳಿಸಿ.

ಕಥೆಯಲ್ಲಿ ವಿಚಿತ್ರ ಅನಿಸಿದ್ದು ಏನು ಅಂತ ಕೇಳಿ. ನಾಯಕ, ಖಳನಾಯಕ ಎಲ್ಲಾ ಕಡೆ ಇರುತ್ತಾರೆ. ಬೂಮರಾಂಗ್ ಎಲ್ಲಾ ಕಡೆ ಇರೋದಿಲ್ಲ.

ಇಬ್ಬರ ನೆನಪು ತಾಳೆ ಆಗದಿದ್ದರೆ ಒಬ್ಬರದು ಸುಳ್ಳು ಅಂತ ತೀರ್ಮಾನಿಸುವ ಮುಂಚೆ, ಕಾರ್ಟೂನ್ ಎರಡು ಇದ್ದಿರಬಹುದಾ ನೋಡಿ. ಉತ್ತರ ಪಕ್ಕಾ ಆದ ಮೇಲಷ್ಟೇ ಚಿತ್ರ ತೋರಿಸಿ.

ನಾನು ಗ್ರೂಪಿನಲ್ಲಿ ಎರಡು ಹೆಸರು, ಎರಡು ಚಿತ್ರ ಹಾಕಿ "ಇಬ್ಬರದೂ ಸರಿ" ಅಂತ ಬರೆದೆ. ರಾತ್ರಿ ಹನ್ನೊಂದಕ್ಕೆ ಅಣ್ಣ ವಾಯ್ಸ್ ನೋಟ್ ಹಾಕಿದ. ಹಾಡಿದ್ದು ತನ್ನ ಮೋಗ್ಲಿಯ ಹಾಡನ್ನಲ್ಲ, ಅಕ್ಕನ ಟೋಪಿ ಹಾಡನ್ನು, ಅದೇ ಅಂಕೋಲೆ ಹಿಂದಿಯಲ್ಲಿ. ಅಕ್ಕ ಎರಡು ಪದ ತಿದ್ದಿ ಬರೆದಳು. ಅವಳು ತಿದ್ದಿದ್ದೂ ತಪ್ಪೇ ಇತ್ತು. ಯಾರೂ ಹೇಳಲಿಲ್ಲ.

ಮನೆ ಪಾಲಿನ ವಿಷಯ ಇನ್ನೂ ಹಾಗೇ ಇದೆ. ಅದಕ್ಕೆ ವಕೀಲರು ಬೇಕು, ಕಾರ್ಟೂನ್ ಸಾಲದು. ಆದರೆ ಈ ಸಲ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಅಣ್ಣನೇ ನೇರವಾಗಿ ಫೋನ್ ಮಾಡಿದನಂತೆ. ಮಾವ ಸೊಸೆ ಅರ್ಧ ಗಂಟೆ ಬೂಮರಾಂಗ್ ಬಗ್ಗೆ ಮಾತಾಡಿದರಂತೆ. ಆಮೇಲೆ ಅವಳು ಫೋನನ್ನು ಅಮ್ಮನ ಕೈಗೆ ಕೊಟ್ಟಳಂತೆ.

ನಿಮ್ಮ ಮನೆಯಲ್ಲೂ ಹೆಸರಿಲ್ಲದ ಕಾರ್ಟೂನ್ ಇದ್ದರೆ ಬರೆದು ಕಳಿಸಿ. ಕಥೆ ಮರೆತಿದ್ದರೂ ಅಡ್ಡಿಲ್ಲ. ಅದರಲ್ಲಿ ಇರಬಾರದಿದ್ದ ವಸ್ತು ಯಾವುದು ಅನ್ನೋದೊಂದನ್ನು ಮಾತ್ರ ಮರೆಯದೆ ಬರೆಯಿರಿ.