ಕಾರಿನ ಹಾಡಿನ ಪೆಟ್ಟಿಗೆ: ಖರ್ಚಿಗೊಂದು ಲೆಕ್ಕ ಬೇಡವೇ?



ಕೊಳೆರೋಗ, ಬೋರ್ಡೋ ದ್ರಾವಣ, ಸಾಲ ವಸೂಲಿ ಇವನ್ನೆಲ್ಲ ಬಿಟ್ಟು ಕಾರ್ಯದರ್ಶಿಯು ಕಾರಿನ ಹಾಡಿನ ಪೆಟ್ಟಿಗೆಯ ಬಗ್ಗೆ ಬರೆಯಹೊರಟಿದ್ದಾನೆಂದರೆ ಕೆಲವರಿಗೆ ನಗು ಬರಬಹುದು. ನಗಲಿ. ಅಡಿಕೆ ಪಟ್ಟಿಯ ಹಣ ಕೈಗೆ ಬಂದ ವಾರದಲ್ಲಿಯೇ ನಮ್ಮ ಹುಡುಗರು ಹುಬ್ಬಳ್ಳಿಯ ದಾರಿ ಹಿಡಿದು, ಗಾಡಿಯ ಹಿಂದೆ ಟ್ರಂಕಿನಷ್ಟು ದೊಡ್ಡ ವೂಫರ್ ಡಬ್ಬ ಕೂಡಿಸಿಕೊಂಡು ಬರುವುದನ್ನು ಹಾನಗಲ್ಲಿನಲ್ಲಿಯೂ ಹಿರೇಕೆರೂರಿನಲ್ಲಿಯೂ ಕಾಣುತ್ತಿದ್ದೇನೆ. ಹೊಸ ಸಾಮಾನು ಬಂದು ಆರು ತಿಂಗಳಿಗೆ ಬಾಗಿಲು ಗಡಗಡ ಎನ್ನುತ್ತದೆ, ಬ್ಯಾಟರಿ ಇಳಿಯುತ್ತದೆ, ಹಾಡಿನ ಮಾತು ಮಾತ್ರ ಮೊದಲಿನಷ್ಟೇ ಮಸುಕು. ಹಣ ಹೋದದ್ದು ಸಂಗೀತಕ್ಕಲ್ಲ, ಸದ್ದಿಗೆ.

ಹಾಡಿನ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಸಣ್ಣ ಬೆಳೆಗಾರನ ದಿನದಲ್ಲಿ ಗಾಡಿಯೇ ಅರ್ಧ ಆಫೀಸು. ತೋಟಕ್ಕೆ, ಆಳುಗಳನ್ನು ಕರೆತರಲಿಕ್ಕೆ, ಗೊಬ್ಬರಕ್ಕೆ, ಶಿರಸಿಯ ಪೇಟೆಗೆ ಎಂದು ದಿನಕ್ಕೆ ಎರಡು ಮೂರು ತಾಸು ಅದರಲ್ಲಿಯೇ ಕಳೆಯುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಮಧ್ಯಮ ತರಂಗದ 765ರಲ್ಲಿ ಹಿಡಿದು, ಜೀಪಿನ ಗರಗರ ಸದ್ದಿನ ನಡುವೆಯೂ ಕೃಷಿ ಕಾರ್ಯಕ್ರಮ ಕೇಳುತ್ತಿದ್ದೆವು. ಒಂದೇ ಸ್ಪೀಕರು, ಆದರೂ ಪ್ರತಿ ಅಕ್ಷರ ತಿಳಿಯುತ್ತಿತ್ತು.

ನನಗೆ ಪಾಠವಾದದ್ದು 2021ರ ಮಳೆಗಾಲದಲ್ಲಿ. ಹೆದ್ದಾರಿ ಬದಿಯ ಊರೊಂದರ ಅಂಗಡಿಯಲ್ಲಿ ನಾನೂ ಒಂದು ಆಂಪ್ಲಿಫಯರ್ ಮತ್ತು ವೂಫರ್ ಕೂಡಿಸಿದ್ದೆ. ಬ್ಯಾಟರಿಯಿಂದ ಹೊರಟ ತಂತಿಗೆ ಫ್ಯೂಜು ಹಾಕಿರಲಿಲ್ಲ. ಇಂಜಿನ್ನಿನ ಹಿಂದಿನ ತಗಡಿಗೆ ತೂತು ಕೊರೆದು, ಆ ತೂತಿಗೆ ರಬ್ಬರ್ ಬಳೆ ಕೂಡ ಇಲ್ಲದೆ ತಂತಿ ದಾಟಿಸಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾಲ್ಕು ತಿಂಗಳು ಗಾಡಿ ಅಲುಗಾಡಿ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊಯ್ದಿತು. ಶಿರಸಿಯಲ್ಲಿ ಅಡಿಕೆ ಹಾಕಿ ರಾತ್ರಿ ಮಳೆಯಲ್ಲಿ ಮರಳುವಾಗ, ಕಾಡಿನ ದಾರಿಯಲ್ಲಿ, ಮೊದಲು ರಬ್ಬರ್ ಸುಟ್ಟ ವಾಸನೆ, ಹಿಂದೆಯೇ ಡ್ಯಾಶ್ ಬೋರ್ಡಿನ ಕೆಳಗಿನಿಂದ ಹೊಗೆ. ಹಿಂದಿನ ಸೀಟಿನಲ್ಲಿ ಎಂಬತ್ತರ ಸಮೀಪದ ನನ್ನ ತಾಯಿ. ಮಂಡಿನೋವಿನ ಅವರನ್ನು ಕತ್ತಲಲ್ಲಿ ಮಳೆಗೆ ಇಳಿಸಿ, ಬಾನೆಟ್ ಎತ್ತಿ, ಪಾನಾ ಹುಡುಕಿ ಬ್ಯಾಟರಿಯ ತಂತಿ ಬಿಚ್ಚುವವರೆಗಿನ ಎರಡು ಮೂರು ನಿಮಿಷ ಹೇಗೆ ಕಳೆಯಿತೆಂಬುದನ್ನು ಬರೆಯಲಾರೆ. ಪಾನಾ ಗಾಡಿಯಲ್ಲಿದ್ದದ್ದು ಪುಣ್ಯ. ಕಾರಿನ ಬ್ಯಾಟರಿ 12 ವೋಲ್ಟಿನದೆಂದು ಹಗುರಾಗಿ ಕಾಣುತ್ತೇವೆ. ನೇರ ತಗಡಿಗೆ ತಾಗಿದರೆ ಅದು ನೂರಾರು ಆಂಪಿಯರ್ ಹರಿಸುತ್ತದೆ, ತಂತಿ ಕೆಂಡವಾಗಲು ಕ್ಷಣ ಸಾಕು.

ಆದುದರಿಂದ ಮೊದಲ ಮಾತು ತಂತಿಯದೇ ಆಗಬೇಕು. ಆಂಪ್ಲಿಫಯರ್ ಹಾಕುವವರು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಜು ಹಾಕಿಸತಕ್ಕದ್ದು. ಫ್ಯೂಜು ಇರುವುದು ಆಂಪ್ಲಿಫಯರನ್ನು ಉಳಿಸಲಿಕ್ಕಲ್ಲ, ತಂತಿಗೆ ಬೆಂಕಿ ಹತ್ತದಂತೆ ತಡೆಯಲಿಕ್ಕೆ. ತಂತಿಯ ದಪ್ಪಕ್ಕೆ ತಕ್ಕದ್ದೇ ಇರಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ತಂತಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಮಾತ್ರ. ತುದಿಯನ್ನು ಚಾಕುವಿನಿಂದ ಕೆರೆದರೆ ಬಿಳಿ ಕಾಣುತ್ತದೆ. ಶುದ್ಧ ತಾಮ್ರದ ತಂತಿ ಹೊರುವ ಕರೆಂಟನ್ನು ಅಷ್ಟೇ ದಪ್ಪದ ಇದು ಹೊರಲಾರದು. ಕಂಪನಿಯ ಮೂಲ ತಂತಿಯನ್ನು ಕತ್ತರಿಸಿ ಟೇಪು ಸುತ್ತಲು ಬಿಡಬೇಡಿ. ಗಾಡಿಗೆ ಹೊಂದುವ ಕಪ್ಲರ್ ಸಿಗುತ್ತದೆ. ಹೊಸ ಗಾಡಿಯಾದರೆ ಕತ್ತರಿಸಿದ ತಂತಿ ವಾರಂಟಿಯ ತಕರಾರಿಗೆ ದಾರಿ ಮಾಡಿಕೊಡುತ್ತದೆ.

ಎರಡನೆಯದು ವ್ಯಾಟಿನ ಲೆಕ್ಕ. ಪೆಟ್ಟಿಗೆಯ ಮೇಲೆ 50 ವ್ಯಾಟ್ ಗುಣಿಸು ನಾಲ್ಕು ಎಂದು ಅಚ್ಚು ಹಾಕಿರುತ್ತಾರೆ. ಗಾಡಿ ಓಡುವಾಗ ಸಿಗುವುದು 14 ವೋಲ್ಟಿನ ಆಸುಪಾಸು, ಸ್ಪೀಕರು 4 ಓಂ. ಶಾಲೆಯಲ್ಲಿ ಕಲಿತ ಸೂತ್ರ ಹಚ್ಚಿದರೂ ಸ್ವಚ್ಛವಾದ ಶಬ್ದಕ್ಕೆ ಪ್ರತಿ ಸ್ಪೀಕರಿಗೆ 25 ವ್ಯಾಟಿಗಿಂತ ಹೆಚ್ಚು ಹೊರಡುವುದಿಲ್ಲ. ನಷ್ಟ ಕಳೆದು ಕೈಗೆ ಬರುವುದು ಸುಮಾರು 20. ಚೀಟಿ ನೋಡಿ ಪಂಪ್‌ಸೆಟ್ ಕೊಂಡು ಆಮೇಲೆ ನೀರು ಅಳೆದವರಿಗೆ ಇದು ಹೊಸದಲ್ಲ. ಆರ್.ಎಂ.ಎಸ್. ಎಂದು ಬರೆದ ಅಂಕಿಯನ್ನಷ್ಟೇ ನೋಡಬೇಕು. ಮತ್ತೊಂದು ಅಂಕಿ ಸ್ಪೀಕರಿನ ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿ ಬರೆದಿರುತ್ತದೆ. 89 ಇರುವ ಸ್ಪೀಕರಿಗಿಂತ 92 ಇರುವುದು ಅಷ್ಟೇ ಸದ್ದನ್ನು ಅರ್ಧ ವ್ಯಾಟಿನಲ್ಲಿ ಕೊಡುತ್ತದೆ. ಒಂದೇ ರೀತಿ ಅಳೆದ ಅಂಕಿಗಳನ್ನು ಹೋಲಿಸಿ ಈ 3 ಡೆಸಿಬೆಲ್ ಹೆಚ್ಚಿನದನ್ನು ಆರಿಸಿಕೊಂಡರೆ, ಆಂಪ್ಲಿಫಯರ್ ಇಲ್ಲದೆಯೇ ಅದರ ಅರ್ಧ ಕೆಲಸ ಆದಂತೆ.

ಇನ್ನು ಬಾಗಿಲು. ನನ್ನ ಅಭಿಪ್ರಾಯದಲ್ಲಿ ನಮ್ಮವರು ಮರೆಯುವುದೂ, ಹಣ ಹಾಕಬೇಕಾದದ್ದೂ ಇಲ್ಲಿಯೇ. ಸ್ಪೀಕರಿನ ಪರದೆ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಬಾಗಿಲ ಒಳತಗಡಿನಲ್ಲಿ ಅಂಗೈ ಹಾಯುವಂಥ ತೂತುಗಳಿರುತ್ತವೆ. ಹಿಂದಿನ ಅಲೆ ಆ ತೂತುಗಳಿಂದ ಹೊರಬಂದು ಮುಂದಿನ ಅಲೆಯನ್ನು ಕೊಲ್ಲುತ್ತದೆ. ಹಾಡಿನ ತಳದ ಸ್ವರಗಳು ಹೀಗೆಯೇ ಮಾಯವಾಗುತ್ತವೆ. ಒಂದು ಮೈ ಹರಿದ ಡೊಳ್ಳನ್ನು ಎಷ್ಟು ಬಲವಾಗಿ ಬಾರಿಸಿದರೇನು? ತೂತು ಮುಚ್ಚಿ, ತಗಡಿಗೆ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿದರೆ ಅದೇ ಹಳೆಯ ಸ್ಪೀಕರು ಬೇರೆಯೇ ಆಗಿ ಕೇಳುತ್ತದೆ, ರಸ್ತೆಯ ಸದ್ದೂ ತಗ್ಗುತ್ತದೆ. ರಸ್ತೆಯ ಗುಂಯ್ ಎಂಬುದು ಬಹುಪಾಲು ತಗ್ಗು ಸ್ವರದ್ದಾದ್ದರಿಂದ ಅದು ಮೊದಲು ನುಂಗುವುದು ಹಾಡಿನ ಬೇಸನ್ನೇ. ಆಗ ನಾವು ಗುಬ್ಬಿ ತಿರುಗಿಸುತ್ತೇವೆ, ಇಲ್ಲವೆ ವೂಫರ್ ಕೊಳ್ಳುತ್ತೇವೆ.

ಮಲೆನಾಡ ಸೆರಗಿನ ನಮಗೆ ಇಲ್ಲಿ ಎರಡು ಎಚ್ಚರಿಕೆ. ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿದು ಕೆಳಗಿನ ರಂಧ್ರಗಳಿಂದ ಹೊರಹೋಗುತ್ತದೆ. ಹಾಳೆ ಅಂಟಿಸುವ ಭರದಲ್ಲಿ ಅವನ್ನು ಮುಚ್ಚಿದರೆ ತೋಟದ ಬಸಿಗಾಲುವೆ ಮುಚ್ಚಿದಂತೆಯೇ. ಬುಡ ಕೊಳೆಯುತ್ತದೆ, ಇಲ್ಲಿ ತಗಡು. ಹಾಗೆಯೇ ಸ್ಪೀಕರು ಕೂಡಿಸುವ ಬಳೆ ಮರದ ಪುಡಿಯ ಹಲಗೆಯದಾಗಿದ್ದರೆ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಪ್ಲಾಸ್ಟಿಕ್ ಇಲ್ಲವೆ ಅಲ್ಯೂಮಿನಿಯಂ ಬಳೆ ಕೇಳಿ.

ಹೊಗೆಯ ಪ್ರಸಂಗದ ನಂತರ ನಾನು 15,000 ರೂಪಾಯಿಯ ಮಿತಿ ಹಾಕಿಕೊಂಡು ಮೊದಲಿನಿಂದ ಕೆಲಸ ಹಿಡಿದೆ. ಸುಟ್ಟ ಸ್ಟೀರಿಯೋ ಬದಲು ದೊಡ್ಡ ಪರದೆಯಿಲ್ಲದ ಸಾದಾ ಬ್ಲೂಟೂತ್ ಸ್ಟೀರಿಯೋ 5,500, ಮುಂದಿನ ಬಾಗಿಲಿಗೆ ಆರೂವರೆ ಇಂಚಿನ ಕೋಯಾಕ್ಸಿಯಲ್ ಜೋಡಿ 3,800, ಎರಡು ಬಾಗಿಲಿನ ಹಾಳೆ 2,400, ಬಳೆ, ತಂತಿ, ಕಪ್ಲರ್ 1,500, ಕೂಲಿ 1,200. ಉಳಿದ 600ರಲ್ಲಿ ವೈಪರ್ ಬ್ಲೇಡು ಬದಲಿಸಿದೆ, ಅದೂ ಬೇಕಾಗಿತ್ತು. ಹಿಂದಿನ ಸ್ಪೀಕರುಗಳನ್ನು ಮುಟ್ಟಲಿಲ್ಲ. ಹಾಡುವವನು ನಮ್ಮೆದುರು ಕುಳಿತು ಹಾಡುತ್ತಾನೆಯೇ ಹೊರತು ಬೆನ್ನ ಹಿಂದೆ ಅಲ್ಲ. ನಿಮ್ಮ ಗಾಡಿಯ ಸ್ಟೀರಿಯೋ ಸುಸ್ಥಿತಿಯಲ್ಲಿದ್ದರೆ ಅದನ್ನೂ ಬದಲಿಸುವ ಅಗತ್ಯವಿಲ್ಲ. ಒಂಬತ್ತು ಸಾವಿರದೊಳಗೆ ಕೆಲಸ ಮುಗಿಯುತ್ತದೆ. ಬದಲಿಸುವವರು ಒಂದು ನೋಡಿಕೊಳ್ಳಿ: ಪರದೆಯ ಸ್ಟೀರಿಯೋಗಳಲ್ಲಿ ಹಲವಕ್ಕೆ ಎಫ್.ಎಂ. ಮಾತ್ರ ಇರುತ್ತದೆ, ಮಧ್ಯಮ ತರಂಗ ಇರುವುದಿಲ್ಲ. ಆಕಾಶವಾಣಿ ಬೇಕೆಂದರೆ ಆಗ ಮೊಬೈಲಿನ ಮೊರೆ ಹೋಗಬೇಕು.

ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರು ಹಾಕುವ ಧಡ್ ಧಡ್ ಹಾಡಿಗೆ ಮರುಳಾಗಬೇಡಿ. ನಿಮಗೆ ಬಾಯಿಪಾಠ ಇರುವ ಹಾಡನ್ನೇ ಹಾಕಿಸಿ. ಗದುಗಿನ ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು ನಮ್ಮ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. 1914ರಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ಇದೇ ತಾಲೂಕಿನ ದೇವರ ಹೊಸಪೇಟೆಯಲ್ಲಿ. ಶಿಶುನಾಳ ಶರೀಫರು ಶಿಗ್ಗಾಂವಿ ಸೀಮೆಯವರು. ವಚನವಾಗಲಿ ತತ್ವಪದವಾಗಲಿ, ಅಲ್ಲಿ ಮುಖ್ಯವಾದದ್ದು ಮನುಷ್ಯನ ಕಂಠ, ಜೊತೆಗೆ ಹಾರ್ಮೋನಿಯಂ, ತಬಲಾ. ಇಷ್ಟನ್ನು ಗಟ್ಟಿಯಾದ ಬಾಗಿಲಲ್ಲಿ ಕುಳಿತ ಒಂದು ಜೋಡಿ ಸ್ಪೀಕರು ನೀಗಿಸಿಕೊಂಡು ಹೋಗುತ್ತದೆ. ಕಂಠದ ಮಾತು ಸ್ಪಷ್ಟವಾಗದ ಸಾಮಾನು ನಮಗೆ ಬೇಡ. ಸಿನಿಮಾ ಹಾಡಿನ ಬೇಸು ಬೇಕೇ ಬೇಕೆನ್ನುವವರು ಮುಂದಿನ ವರ್ಷ, ಅಡಿಕೆ ಹಣದಲ್ಲಿ, ಸೀಟಿನಡಿಯ ಸಣ್ಣ ವೂಫರ್ ಹಾಕಿಸಲಿ. ಬೆಳೆಸಾಲದ ಹಣದಲ್ಲಿ ಬೇಡ. ಖಾತೆ ಪುಸ್ತಕ ಬರೆಯುವವನು ನಾನೇ, ಯಾರ ಗೊಬ್ಬರ ಎಲ್ಲಿ ಬಡಿಯುತ್ತಿದೆ ಎಂಬುದು ಕಿವಿಗೂ ಕೇಳುತ್ತದೆ.

ಕಿವಿ ಎಂದಾಗ ಒಂದು ಮಾತು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯೊಂದು ಹಾಕಿಕೊಟ್ಟ ಮಿತಿ. ಮುಂದೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗಿ, 100ಕ್ಕೆ ಕಾಲು ತಾಸು ಉಳಿಯುತ್ತದೆ. ಮುಂಜಾನೆಯೆಲ್ಲ ಹುಲ್ಲು ಕತ್ತರಿಸುವ ಯಂತ್ರ ಹೆಗಲಿಗೇರಿಸಿದವನ ಕಿವಿಯ ಪಾಲು ಮಧ್ಯಾಹ್ನದೊಳಗೆ ಮುಗಿದಿರುತ್ತದೆ. ಮೇಲಾಗಿ ನಮ್ಮ ತಿರುವಿನ ದಾರಿಗಳಲ್ಲಿ ಹಿಂದಿನ ಬಸ್ಸಿನ ಹಾರ್ನು ಕೇಳಲೇಬೇಕು.

ನನ್ನ ಗಾಡಿಯ ಬಾಗಿಲನ್ನು ಬಿಚ್ಚಿ ನೋಡಬೇಕೆನ್ನುವವರು ಸಂಘದ ಕಚೇರಿಗೆ ಬರಬಹುದು, ನಾಲ್ಕು ಸ್ಕ್ರೂ ಅಷ್ಟೇ. ತಾಯಿ ಈಗ ಮತ್ತೆ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಹತ್ತುವ ಮೊದಲು ಒಮ್ಮೆ ವಾಸನೆ ನೋಡುತ್ತಾರೆ. ಮಗ ಮಾತ್ರ ವೂಫರಿನ ಮಾತು ಬಿಟ್ಟಿಲ್ಲ. ಸೀಟಿನಡಿಯ ಜಾಗದಲ್ಲಿ ಸದ್ಯ ಮೈಲುತುತ್ತದ ಚೀಲ ಇದೆ. ಅದು ಖಾಲಿಯಾಗಲಿ, ನೋಡೋಣ ಎಂದಿದ್ದೇನೆ.